ಬಾಲದ ಪರೀಕ್ಷೆ

ಕೆರೆಯ ಗೊದಮೊಟ್ಟೆಗಳ ಶಾಲೆಯಲ್ಲಿ ಯಾರ ಬಾಲ ಉದ್ದವೋ ಅವರಿಗೇ ಮೊದಲ ರ‍್ಯಾಂಕು. ಕಪ್ಪೆ ಗೌರಕ್ಕನ ಮಗಳು ತುಂಗಿ ಮೂರು ಪರೀಕ್ಷೆಯಲ್ಲೂ ಮೊದಲು ಬಂದಿದ್ದಳು. ಗೌರಕ್ಕ ಅದನ್ನು ಕೆರೆಯ ತುಂಬಾ ಹೇಳಿಕೊಂಡು ಬಂದಿದ್ದಳು. ನಾಲ್ಕನೆಯ ಪರೀಕ್ಷೆಯ ಹೊತ್ತಿಗೆ ತುಂಗಿಯ ಬಾಲ ಅರ್ಧಕ್ಕೆ ಇಳಿಯಿತು. ಸಾಲದ್ದಕ್ಕೆ ನಾಲ್ಕು ಕಾಲು ಬೇರೆ ಮೂಡಿದವು. ಗೌರಕ್ಕ ಮಗಳನ್ನು ಎಳೆದುಕೊಂಡು ಕಪ್ಪೆ ಮೇಷ್ಟ್ರ ಹತ್ತಿರ ಹೋದಳು.

“ಗಮನವೆಲ್ಲ ಕಾಲಿನ ಮೇಲಿದ್ದರೆ ಬಾಲ ಹೇಗೆ ಬೆಳೆದೀತು ತಾಯಿ?” ಎನ್ನುತ್ತ ಮೇಷ್ಟ್ರು ಪಾಚಿಯ ಎಳೆಯಿಂದ ತುಂಗಿಯ ಕಾಲು ಕಟ್ಟಿದರು. “ಇವತ್ತಿನಿಂದ ಎರಡು ಹೊತ್ತೂ ಬಾಲದ ಟ್ಯೂಷನ್ನು.”

ಅಷ್ಟರಲ್ಲಿ ಕೊಕ್ಕರೆ ಬಂದೆರಗಿತು. ಮೇಷ್ಟ್ರೂ ಗೌರಕ್ಕನೂ ಒಂದೇ ನೆಗೆತಕ್ಕೆ ದಡ ಸೇರಿದರು. ತುಂಗಿ ಒದ್ದಾಡಿ, ಪಾಚಿ ಹರಿದುಕೊಂಡು, ಅವರ ಹಿಂದೆಯೇ ಹಾರಿದಳು. ಕೊಕ್ಕರೆಗೆ ಸಿಕ್ಕಿದ್ದು ಉಳಿದಿದ್ದ ಅರ್ಧ ಬಾಲ ಮಾತ್ರ.

ಸದ್ಯ, ಮಗಳು ಬದುಕಿದಳು ಎಂದು ಗೌರಕ್ಕ ಉಸಿರು ಬಿಡುವಷ್ಟರಲ್ಲಿ ಮೇಷ್ಟ್ರು ಅಳತೆಕಡ್ಡಿ ಹಿಡಿದು ಬಂದರು. ಅಳೆಯಲು ಏನೂ ಉಳಿದಿರಲಿಲ್ಲ.

“ಸೊನ್ನೆ. ಫೇಲು,” ಎಂದರು. ಗೌರಕ್ಕ ಗೊಳೋ ಎಂದು ಅತ್ತಳು.

ತುಂಗಿ ಅಳಲಿಲ್ಲ. ಅಮ್ಮನ ಹಿಂದೆ ಹೋಗಿ ನೋಡಿದಳು. ಮೇಷ್ಟ್ರ ಹಿಂದೆಯೂ ಹೋಗಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ನೀವಿಬ್ಬರೂ ಯಾವ ವರ್ಷ ಫೇಲಾದಿರಿ?”