ಸರೋವರಕ್ಕೆ ಕೌದಿಯಾದ ಮಂಜುಗಡ್ಡೆ

ಲೋಕ ಇನ್ನೂ ಹೊಸದಾಗಿತ್ತು ಮಗಾ. ಬೆಟ್ಟಗಳಿಗೆ ತಾವೆಲ್ಲಿ ಕೂರಬೇಕೆಂದು ಆಗಷ್ಟೇ ಗೊತ್ತಾಗಿತ್ತು. ಮೀನು, ಗಾಳಿ, ಹಿಮ ಎಲ್ಲವೂ ಬಾಯಿತುಂಬ ಮಾತಾಡುತ್ತಿದ್ದವು, ಥೇಟ್ ನಿನ್ನ ಹಾಗೆ.

ಉತ್ತರದ ಹಿಮದ ಸೀಮೆಯಲ್ಲಿ ಒಂದು ಸಿಹಿನೀರಿನ ಸರೋವರವಿತ್ತು. ಈ ದಡದಲ್ಲಿ ನಿಂತರೆ ಆ ದಡ ಕಾಣದಷ್ಟು ದೊಡ್ಡದು. ಅದರ ತುಂಬ ಚುಕ್ಕೆ ಮೈಯ ಟ್ರೌಟ್ ಮೀನು, ಬೆಳ್ಳಿ ಮೈಯ ಸಾಲ್ಮನ್ ಮೀನು. ದಡದ ಗುಡಿಸಲಲ್ಲಿ ಮೀನು ಹಿಡಿಯುವ ಮುದುಕಿ ಒಬ್ಬಳೇ ಇದ್ದಳು. ಅವಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ನೀಲವ್ವ ಅನ್ನೋಣ.

ಆಗಿನ ಮಂಜುಗಡ್ಡೆ ಈಗಿನ ಹಾಗಿರಲಿಲ್ಲ. ಚಳಿಗಾಲ ಬಂತೆಂದರೆ ಕಲ್ಲಿನ ಹಾಗೆ ಮುಳುಗಿ ಸರೋವರದ ತಳದಲ್ಲಿ ಮಲಗಿಬಿಡುತ್ತಿತ್ತು. ದಿನದಿನಕ್ಕೆ ದಪ್ಪವಾಗಿ ಮೀನುಗಳನ್ನು ಮೇಲೆ ಮೇಲೆ ತಳ್ಳುತ್ತಿತ್ತು. ಕೊನೆಗೆ ಅವು ಅಂಗೈ ಆಳದ ನೀರಿನಲ್ಲಿ ಒದ್ದಾಡುತ್ತಿದ್ದವು. ನೀಲವ್ವನಿಗೆ ಬಲೆ ಬೇಡ, ಗಾಳ ಬೇಡ. ಹಿತ್ತಲಲ್ಲಿ ಬದನೆಕಾಯಿ ಕಿತ್ತ ಹಾಗೆ ಬುಟ್ಟಿ ತುಂಬಿಕೊಂಡು ಬರುತ್ತಿದ್ದಳು. ಉಳಿದ ಮೀನುಗಳಲ್ಲಿ ಎಷ್ಟೋ ಚಳಿಗೆ ಸಾಯುತ್ತಿದ್ದವು.

ಅವಳು ಹುಡುಗಿಯಾಗಿದ್ದಾಗ, ವಸಂತದ ಸಂಜೆ ಹೊಸ್ತಿಲಲ್ಲಿ ಕೂತರೆ ಸರೋವರದ ತುಂಬ ಮೀನು ಚಿಮ್ಮುವ ಸದ್ದು, ಒಗ್ಗರಣೆಯ ಸಾಸಿವೆ ಸಿಡಿದಂತೆ. ಅವ್ವನ ಮಡಿಲಲ್ಲಿ ತಲೆಯಿಟ್ಟು ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಆ ಸದ್ದು ಕಡಿಮೆಯಾಯಿತು. ಒಂದು ವಸಂತದಲ್ಲಿ ಏನೂ ಕೇಳಲಿಲ್ಲ. ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಅಂದುಕೊಂಡಳು ನೀಲವ್ವ.

ಮುಂದಿನ ಚಳಿಗಾಲ ಬುಟ್ಟಿ ಹಿಡಿದು ಹೋದಳು. ಇಡೀ ಸರೋವರದಲ್ಲಿ ಇದ್ದದ್ದು ಒಂದು ಜೋಡಿ ಟ್ರೌಟ್, ಒಂದು ಜೋಡಿ ಸಾಲ್ಮನ್, ಅಷ್ಟೇ.

“ಹಿಡಿಬ್ಯಾಡ ಅನ್ನಂಗಿಲ್ಲ ಯವ್ವಾ,” ಹೆಣ್ಣು ಟ್ರೌಟ್ ಹೇಳಿತು. “ನಿನ್ನ ಹೊಟ್ಟಿ ಹಸಿವು ನಮಗೂ ಗೊತ್ತೈತಿ. ಆದ್ರ ನಮ್ಮ ಹಿಂದ ಯಾರೂ ಇಲ್ಲ.”

ತನ್ನ ಕಿವಿಗೆ ಏನೂ ಆಗಿಲ್ಲವೆಂದು ನೀಲವ್ವನಿಗೆ ಆಗ ತಿಳಿಯಿತು. ಬುಟ್ಟಿ ಕೆಳಗಿಟ್ಟು ಅತ್ತಳು. ಆಮೇಲೆ ಮಂಜುಗಡ್ಡೆಯನ್ನು ತಟ್ಟಿ ಎಬ್ಬಿಸಿದಳು.

“ತಮ್ಮಾ, ಹೋಗಿ ಹೋಗಿ ತಳದಾಗ ಯಾಕ ಮಲಗತಿ?”

“ಮ್ಯಾಲೆ ಗಾಳಿ ಬಡಿತೈತಿ ಯವ್ವಾ. ನನಗ ಚಳಿ.”

“ನಿನಗ ಚಳಿ?” ಅಳುವಿನ ನಡುವೆಯೂ ನೀಲವ್ವನಿಗೆ ನಗು ಬಂತು. “ನೀ ಹಾಸಿಗಿ ಆಗಬ್ಯಾಡೋ, ಕೌದಿ ಆಗು. ಮೀನಿನ ಮ್ಯಾಲೆ ಹೊದಿಕಿ ಆಗಿ ಇರು. ಅವು ಕೆಳಗ ಬೆಚ್ಚಗ ಇರಲಿ.”

“ಅಂಥಾ ಗಾಳ್ಯಾಗ ಒಬ್ಬನ ಹೆಂಗಿರಲಿ?”

“ನಾ ಬಂದು ನಿನ್ನ ಮ್ಯಾಲೆ ಕುಂದರತೀನಿ.”

“ನಾ ಮುಚ್ಚಿಕೊಂಡ್ರ ನಿನ್ನ ಬುಟ್ಟಿ ತುಂಬಂಗಿಲ್ಲ, ನೋಡು ಮತ್ತ.”

“ಅಂಗೈಯಷ್ಟು ತೂತು ಕೊರಕೊಂಡು, ಗಾಳ ಬಿಟ್ಟು ಕಾಯತೀನಿ. ಸಿಕ್ಕರ ಒಂದು, ಇಲ್ಲಾಂದ್ರ ಇಲ್ಲ,” ಅಂದಳು ನೀಲವ್ವ.

ಮಂಜುಗಡ್ಡೆ ಮೈ ಹಗುರ ಮಾಡಿಕೊಂಡು ಮೆಲ್ಲಗೆ ಮೇಲೆದ್ದು ಬಂತು. ನಾಲ್ಕು ಮೀನುಗಳೂ ಆಳಕ್ಕೆ ಇಳಿದು ಹೋದವು. ಅಂದು ನೀಲವ್ವ ಬರಿ ಬಿಸಿನೀರು ಕುಡಿದು ಮಲಗಿದಳು.

ಅವಳು ಮಾತಿಗೆ ತಪ್ಪಲಿಲ್ಲ. ಮೊದಮೊದಲು ಗಾಳವನ್ನೇ ಬಿಡಲಿಲ್ಲ, ಗೆಡ್ಡೆಗೆಣಸು ಬೇಯಿಸಿ ತಿಂದಳು. ಆದರೂ ಪ್ರತಿ ಚಳಿಗಾಲ ಮಂಜುಗಡ್ಡೆಯ ಮೇಲೆ ಮಣೆ ಹಾಕಿ ಕೂತು ಗಾಳಿಯನ್ನು ಬೈದಳು, ಅವ್ವನ ಕಾಲದ ಸುದ್ದಿ ಹೇಳಿದಳು. ಎಷ್ಟೋ ವಸಂತಗಳ ಮೇಲೆ ಒಂದು ಸಂಜೆ ಹೊಸ್ತಿಲಲ್ಲಿ ಕೂತಿದ್ದಾಗ ಸದ್ದು ಕೇಳಿತು. ಮೊದಲು ಒಂದು ಸಾಸಿವೆ, ಆಮೇಲೆ ಒಂದು ಹಿಡಿ. ತಲೆಯಿಡಲು ಅವ್ವನ ಮಡಿಲು ಮಾತ್ರ ಇರಲಿಲ್ಲ.

ನೀಲವ್ವ ಹೋಗಿ ಯಾವ ಕಾಲವಾಯಿತೋ. ಆ ಸೀಮೆಯ ಜನ ಈಗಲೂ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಕೂತು, ತೂತಿನಲ್ಲಿ ಗಾಳ ಇಳಿಬಿಟ್ಟು, ಅದಕ್ಕೆ ಜೊತೆಯಾಗುತ್ತಾರೆ. ಮಂಜುಗಡ್ಡೆಯೂ ನೀಲವ್ವನ ಮಾತು ಮರೆತಿಲ್ಲ. ನಿನ್ನ ಶರಬತ್ತಿನ ಲೋಟದಲ್ಲಿ ಐಸಿನ ತುಂಡನ್ನು ಬೆರಳಿನಿಂದ ಎಷ್ಟು ಸಲ ಕೆಳಗೆ ಒತ್ತಿದರೂ ಅದು ಮತ್ತೆ ಮೇಲೆಯೇ ಬರುತ್ತದಲ್ಲ ಮಗಾ, ಕೆಳಗೆ ಮೀನು ಇರಬಹುದು ಅಂತ ಅದಕ್ಕೆ ಇವತ್ತಿಗೂ ಕಾಳಜಿ.