ಜುಂಜಪ್ಪ ಮಗಳನ್ನು ಹಿಡಿದುಕೊಂಡದ್ದು

"ಗುರುಗಳೇ, ಒಬ್ಬರನ್ನು ಮನಸಾರೆ ಪ್ರೀತಿಸಿದರೆ ಅವರ ಪ್ರೀತಿ ನಮಗೆ ಸಿಕ್ಕೇ ಸಿಗುತ್ತದಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು:

ಜುಂಜಪ್ಪ ಎಂಬ ಕಂಬಳಿ ನೇಯುವವನೊಬ್ಬನಿದ್ದ. ಅವನ ಮಗಳು ಈರಕ್ಕನಿಗೆ ಏಳು ವರ್ಷ. ಒಮ್ಮೆ ಅವಳಿಗೆ ಬಂದ ಜ್ವರ ಬಿಡಲೇ ಇಲ್ಲ. ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆಗಳೆದ್ದವು. ತಾಲ್ಲೂಕಿನ ವೈದ್ಯರು ಪಟ್ಟಣದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ರಕ್ತದ ಕ್ಯಾನ್ಸರ್ ಎಂದರು. ಮನೆಯಲ್ಲಿ ಹಾಲು ಕುಡಿಯುವ ಕೂಸಿತ್ತು. ಹೆಂಡತಿ ಊರಿನಲ್ಲೇ ಉಳಿದಳು. ಜುಂಜಪ್ಪ ಒಬ್ಬನೇ ಮಗಳ ಜೊತೆಗಿದ್ದ.

ಒಂದು ತಿಂಗಳ ಔಷಧಕ್ಕೆ ಜ್ವರ ಇಳಿಯಿತು, ಕಲೆಗಳು ಹೋದವು. ಈರಕ್ಕ ಎದ್ದು ಓಡಾಡಿದಳು. ಆದರೆ ಡಾಕ್ಟರಮ್ಮ ಹೇಳಿದರು, "ಕಾಯಿಲೆ ಅಡಗಿದೆ ಅಷ್ಟೆ, ಹೋಗಿಲ್ಲ. ಇನ್ನೂ ಎರಡು ವರ್ಷ ಔಷಧ ಬಿಡಬಾರದು."

ಪಕ್ಕದ ಹಾಸಿಗೆಯಲ್ಲಿ ಒಬ್ಬ ಗಾರೆ ಕೆಲಸದವನ ಮಗಳಿದ್ದಳು, ಅದೇ ಕಾಯಿಲೆ. ಅವಳೂ ಚೇತರಿಸಿಕೊಂಡಿದ್ದಳು. ಗಾರೆಯವನು ಗಂಟು ಕಟ್ಟುತ್ತಾ, "ಆಡೋ ಮಗೂಗೆ ಯಾಕೆ ಚುಚ್ಚಿಸ್ತೀಯ? ನೀನೂ ಹೊರಡು" ಎಂದ. ಜುಂಜಪ್ಪನಿಗೂ ಹೊರಡಬೇಕೆನಿಸಿತು. ಹೊರಡಲಿಲ್ಲ. ಊರು ಒಂದು ದಿನದ ದಾರಿ. ಹೋಗಿಬರುವ ಬಸ್ಸಿನಲ್ಲಿ ಮಗಳಿಗೆ ಸೋಂಕು ತಗಲೀತೆಂದು ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲಿ ಉಳಿದ.

ಕೆಲವು ವಾರಗಳಿಗೊಮ್ಮೆ ಮಗುವಿನ ಬೆನ್ನುಮೂಳೆಗೆ ಸೂಜಿ ಹಾಕಿ ಔಷಧ ಕೊಡಬೇಕಿತ್ತು. ಅರಿವಳಿಕೆ ಕೊಡುವ ವೈದ್ಯರು ಇಡೀ ಆಸ್ಪತ್ರೆಗೆ ಒಬ್ಬರೇ. ಅವರು ಆಪರೇಷನ್ನುಗಳಿಗೇ ಸಾಲುತ್ತಿರಲಿಲ್ಲ. ಹಾಗಾಗಿ ಮಗಳನ್ನು ಬಗ್ಗಿಸಿ, ಮಂಡಿಯನ್ನು ಗಲ್ಲಕ್ಕೆ ಒತ್ತಿ, ಅಲುಗದಂತೆ ಹಿಡಿಯುವ ಕೆಲಸ ಜುಂಜಪ್ಪನದಾಯಿತು.

ಮೊದಲ ಸಲ ಈರಕ್ಕ "ಅಪ್ಪಾ" ಎಂದೇ ಕೂಗಿದಳು. ಆಮೇಲಾಮೇಲೆ ಅವ್ವನನ್ನು ಕೂಗಿದಳು. ಒಂದು ದಿನ ಯಾರನ್ನೂ ಕೂಗಲಿಲ್ಲ. ಸೂಜಿ ತೆಗೆದ ಮೇಲೆ, "ನಂಗೀಗ ಕಾಯಿಲೇನೇ ಇಲ್ಲ. ಅವ್ವ ಇದ್ದಿದ್ರೆ ಹಿಂಗೆ ಹಿಡೀತಿರ್ಲಿಲ್ಲ" ಎಂದಳು.

ಅಂದಿನಿಂದ ಅವಳು ಅವನ ಕೈಯ ತುತ್ತು ತಿನ್ನಲಿಲ್ಲ. ಧರ್ಮಶಾಲೆಯ ಅಡುಗೆಯಾಕೆ ಉಣಿಸಿದಳು. ಜುಂಜಪ್ಪ ಬಾಗಿಲಾಚೆ ನಿಂತು, ಮಗಳು ಉಂಡದ್ದನ್ನು ನೋಡಿಕೊಂಡು, ಆಮೇಲೆ ತಾನು ಉಣ್ಣುತ್ತಿದ್ದ. ಹೆಂಡತಿ ಫೋನ್ ಮಾಡಿದರೆ "ಚೆನ್ನಾಗವ್ಳೆ" ಎಂದು ಮಗಳಿಗೆ ಕೊಡುತ್ತಿದ್ದ.

ಊರಿಗೆ ಹೋದ ಏಳು ತಿಂಗಳಿಗೆ ಗಾರೆಯವನು ಮಗಳನ್ನು ಹೊತ್ತುಕೊಂಡು ಬಂದ. ಕಾಯಿಲೆ ಮರಳಿತ್ತು. ಆ ಮಗು ಉಳಿಯಲಿಲ್ಲ. ಮರುದಿನ ಈರಕ್ಕನ ಸೂಜಿಯ ಸರದಿ. ಜುಂಜಪ್ಪ ಎಂದಿಗಿಂತ ಬಿಗಿಯಾಗಿ ಹಿಡಿದ.

ಎರಡು ವರ್ಷ ತುಂಬಿ ಔಷಧ ನಿಂತಿತು. ಮನೆ ತಲುಪಿದಾಗ ಈರಕ್ಕ ಅವ್ವನ ಮಡಿಲಿಗೆ ಬಿದ್ದವಳು ಬಹಳ ಹೊತ್ತು ಏಳಲಿಲ್ಲ. ದೊಡ್ಡವಳಾದ ಮೇಲೆ, ಅಪ್ಪ ಹಾಗೆ ಹಿಡಿದದ್ದೇಕೆಂದು ಎಲ್ಲರೂ ಅವಳಿಗೆ ಬಿಡಿಸಿ ಹೇಳಿದರು. ಅವಳಿಗೆ ಅರ್ಥವೂ ಆಯಿತು. ಈಗ ಅಪ್ಪನಿಗೆ ಚಹಾ ತಂದುಕೊಡುತ್ತಾಳೆ, ಔಷಧಿ ತೆಗೆದುಕೊಂಡೆಯಾ ಎಂದು ಕೇಳುತ್ತಾಳೆ. ಆದರೆ ಅವನು ತಲೆ ಸವರಲು ಕೈಚಾಚಿದರೆ ಅವಳ ಬೆನ್ನು ತಾನಾಗಿಯೇ ಸೆಟೆಯುತ್ತದೆ. ಅವನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಅವನಿಗೆ ಸಿಕ್ಕಿದ್ದೇನು, ಗುರುಗಳೇ?" ಎಂದ.

ಗುರುಗಳು ಹೇಳಿದರು: "ಈರಕ್ಕನಿಗೆ ಈಗ ಇಪ್ಪತ್ತಾರು ವರ್ಷ."