ಅಳಿವೆಯ ದುರ್ಬೀನು

"ಗುರುಗಳೇ, ನಮ್ಮವರನ್ನು ಎಷ್ಟು ಹತ್ತಿರದಿಂದ ನೋಡುತ್ತೇವೋ ಅಷ್ಟು ಚೆನ್ನಾಗಿ ಕಾಯಬಹುದಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಕಡಲ ತೀರದ ಒಂದೂರಲ್ಲಿ ಒಬ್ಬ ಕಾವಲುಗಾರನಿದ್ದ. ಆ ಊರಿನ ನದಿ ಕಡಲು ಸೇರುವ ಅಳಿವೆಯಲ್ಲಿ ನೀರಿನಡಿ ಮರಳ ದಿಬ್ಬ. ಮೀನು ಹಿಡಿದು ಮರಳುವ ದೋಣಿಗಳು ಅದನ್ನು ದಾಟಿಯೇ ಊರು ಸೇರಬೇಕು. ದಿಬ್ಬದ ಮೇಲೆ ದೊಡ್ಡ ತೆರೆ ಮುರಿದರೆ ದೋಣಿಯೆಂಬುದು ತೆಂಗಿನ ಚಿಪ್ಪು. ಅದಕ್ಕೇ ದೋಣಿಗಳು ಹೊರಗೆ ನಿಂತು ಕಾಯುತ್ತಿದ್ದವು. ಕಾವಲುಗಾರ ಗುಡ್ಡದ ಮೇಲಿಂದ ದೂರದ ನೀರು ನೋಡಿ ಬಿಳಿ ಬಾವುಟ ಎತ್ತುತ್ತಿದ್ದ. ಬಾವುಟ ಮೇಲಿದ್ದರೆ ಬರಬಹುದು. ಇಳಿದರೆ ದೋಣಿಯ ಮೂತಿ ತಿರುಗಿಸಿ ತೆರೆಗೆ ಎದುರಾಗಬೇಕು. ದಿಬ್ಬ ದಾಟುವಾಗ ಚುಕ್ಕಾಣಿ ಹಿಡಿದವನು ಹಿಂದೆ ನೋಡುವಂತಿಲ್ಲ. ನೋಡಿದರೆ ಕೈ ನಡುಗುತ್ತದೆ, ದೋಣಿ ಅಡ್ಡ ತಿರುಗುತ್ತದೆ. ಅವನ ಕಣ್ಣು ಬಾವುಟದ ಮೇಲೇ ಇರಬೇಕು. ಇದು ಆ ಊರಿನ ಕಟ್ಟಳೆ.

ಈ ಕಾವಲುಗಾರ ಸಾಮಾನ್ಯನಲ್ಲ. ಅವನು ಬಾವುಟ ಹಿಡಿದ ಮೇಲೆ ಒಂದು ದೋಣಿಯೂ ಮಗುಚಿರಲಿಲ್ಲ. ಅದನ್ನು ಅವನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೇಳಿಕೊಳ್ಳುವ ಹಕ್ಕೂ ಅವನಿಗಿತ್ತು. ಕಣ್ಣು ಮಂಜಾಗತೊಡಗಿದಾಗ ಪಟ್ಟಣಕ್ಕೆ ಹೋಗಿ ಒಂದು ದುರ್ಬೀನು ಕೇಳಿದ. ವ್ಯಾಪಾರಿ ಅದರ ಕಣ್ಣಿಡುವ ತುದಿಗೆ ಹಾಕುವ ಎರಡು ಗಾಜು ತೋರಿಸಿದ. ಒಂದು ಇಪ್ಪತ್ತು ಪಟ್ಟು ಹತ್ತಿರ ತರುವಂಥದ್ದು, ಇನ್ನೊಂದು ಅರವತ್ತು ಪಟ್ಟು.

"ನಿಮ್ಮ ಕೆಲಸಕ್ಕೆ ಇಪ್ಪತ್ತರದ್ದೇ ಸರಿ," ಎಂದ ವ್ಯಾಪಾರಿ. "ಅರವತ್ತರದ್ದು ಹಾಕಿದರೆ ದೋಣಿ ಹತ್ತಿರ ಬರುತ್ತದೆ, ಆದರೆ ಸುತ್ತಲಿನ ಕಡಲು ಕಾಣಿಸುವುದಿಲ್ಲ."

"ಸಣ್ಣದೊಂದನ್ನೇ ಹಿಡಿದು ಹೋದರೆ ನಮ್ಮೂರವರು ನಕ್ಕಾರು ಯಜಮಾನರೇ. ಎರಡೂ ಕೊಡಿ," ಎಂದ ಕಾವಲುಗಾರ.

ದೋಣಿಗಳು ದಾಟುವಾಗ ಅವನು ಇಪ್ಪತ್ತರದ್ದನ್ನೇ ಹಾಕುತ್ತಿದ್ದ. ದೋಣಿ, ದಿಬ್ಬ, ಹಿಂದಿನ ನೀರು ಎಲ್ಲವೂ ಅದರೊಳಗೆ ಹಿಡಿಯುತ್ತಿದ್ದವು. ಕೊನೆಯ ದೋಣಿ ಒಳಗೆ ಬಂದ ಮೇಲೆ ಮಾತ್ರ ಅರವತ್ತರದ್ದು ಹಾಕಿ, ಆಚೆ ದಡದಲ್ಲಿ ಯಾರ ಬಾಯಲ್ಲಿ ಎಲೆಯಡಿಕೆ ಇದೆ ಎಂದು ಹೇಳಿ ಜಂಬ ಪಡುತ್ತಿದ್ದ. ಮೀನುಗಾರರು ಬಿಡುತ್ತಿರಲಿಲ್ಲ. ನಮ್ಮ ಹೆಂಡಿರು ಏನು ಸಾರು ಮಾಡಿದ್ದಾರೆ ಅಂತ ಮೊದಲೇ ನೋಡಿ ಹೇಳು ಮಾವ, ನಿನ್ನೆಯದೇ ಆದರೆ ಕಡಲಲ್ಲೇ ಇದ್ದುಬಿಡುತ್ತೇವೆ ಎಂದು ಗೇಲಿ ಮಾಡುತ್ತಿದ್ದರು.

ಅವನಿಗೆ ಒಬ್ಬನೇ ಮಗ. ಆ ಮಗ ಮೊದಲ ಸಲ ಚುಕ್ಕಾಣಿ ಹಿಡಿದ ದಿನ ಊರವರೆಲ್ಲ ದಡದಲ್ಲಿ ನೆರೆದರು; ತಾಯಿ ಗುಡ್ಡ ಹತ್ತಿ ಬಂದು ಗಂಡನ ಪಕ್ಕದಲ್ಲಿ ನಿಂತಳು. ಕಡಲು ಕೆರೆಯಂತೆ ಮಲಗಿತ್ತು. ಕಾವಲುಗಾರ ಬಾವುಟ ಎತ್ತಿ ಅದರ ಬಿದಿರನ್ನು ನೆಲಕ್ಕೆ ನೆಟ್ಟ. ಮಗನ ದೋಣಿಯೇ ಮುಂದಾಗಿ ಬಂತು.

"ಹೆದರಿದ್ದಾನೋ ಏನೋ. ಮುಖ ಹೇಗಿದೆ, ಸ್ವಲ್ಪ ನೋಡಿ ಹೇಳಿ," ಎಂದಳು ತಾಯಿ.

ಅವನು ದೂರದ ನೀರನ್ನು ಇನ್ನೊಮ್ಮೆ ನೋಡಿದ. ಏನೂ ಇರಲಿಲ್ಲ. ಒಂದು ಗಳಿಗೆಯ ಮಾತು ಎಂದುಕೊಂಡು ಇಪ್ಪತ್ತರದ್ದನ್ನು ತೆಗೆದು ಅರವತ್ತರದ್ದನ್ನು ಹಾಕಿದ. ಬಿಸಿಲ ಝಳಕ್ಕೆ ಮೊದಲು ಎಲ್ಲವೂ ಕಲಕಿದಂತೆ ಕಂಡಿತು. ತಿರುಗಿಸುತ್ತಾ ತಿರುಗಿಸುತ್ತಾ ಮಗನ ಮುಖ ನಿಚ್ಚಳವಾಯಿತು. ತುಟಿಯ ಮೇಲೆ ಬೆವರು. ಕಣ್ಣು ನೆಟ್ಟಗೆ ಬಾವುಟದ ಮೇಲೆ, ಎಂದರೆ ಅಪ್ಪನ ಮೇಲೆ. ಕಾವಲುಗಾರನ ಕೈ ತನ್ನಷ್ಟಕ್ಕೆ ಮುಂದೆ ಹೋಯಿತು, ಬೆವರು ಒರೆಸುವವನಂತೆ.

"ನಗುತ್ತಿದ್ದಾನೆ ಕಣೇ," ಎಂದ. "ಥೇಟ್ ನನ್ನ ಹಾಗೇ, ಭಯ ಅನ್ನುವುದೇ ಇಲ್ಲ."

ಅಷ್ಟರಲ್ಲಿ ದೋಣಿಯ ಹಿಂದೆ ಕಡಲು ಎದ್ದು ನಿಂತಿತ್ತು. ಅದನ್ನು ತಾಯಿ ಬರಿಗಣ್ಣಿನಲ್ಲಿ ಕಂಡಳು. ಬಾವುಟದ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದಳು. ಬಾವುಟ ಬೀಳುವುದನ್ನು ಮಗ ನೋಡಿದ. ಅವನು ನೋಡಿದ್ದನ್ನು ಅಪ್ಪ ಗಾಜಿನಲ್ಲಿ ನೋಡಿದ. ದೋಣಿಯ ಮೂತಿ ತಿರುಗುವ ಮೊದಲೇ ಗಾಜಿನ ತುಂಬ ನೀರು.

ಜೊತೆಗಿದ್ದವರು ಈಜಿ ದಡ ಸೇರಿದರು. ಮಗನನ್ನು ಕಡಲು ಮರಳಿ ಕೊಡಲಿಲ್ಲ.

ಊರಲ್ಲಿ ಯಾರೂ ಕಾವಲುಗಾರನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಒಂದು ತುತ್ತು ಉಣ್ಣುತ್ತಿದ್ದನೇನೋ. ಹೆಂಡತಿ ಮಾತ್ರ ಆಗಾಗ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಆ ಮುಖ ಹೇಗಿತ್ತು, ಇನ್ನೊಮ್ಮೆ ಹೇಳಿ ಎನ್ನುತ್ತಿದ್ದಳು. ಅವನು ತುಟಿಯ ಬೆವರು, ಹಣೆಗೆ ಅಂಟಿದ ಕೂದಲು, ಆ ನಗು ಎಲ್ಲವನ್ನೂ ಹೇಳುತ್ತಿದ್ದ. ಒಂದನ್ನೂ ಮರೆತಿರಲಿಲ್ಲ. ಅವಳು ಕೇಳಿಸಿಕೊಂಡು ಎದ್ದು ಒಳಗೆ ಹೋಗುತ್ತಿದ್ದಳು.

"ಹೆತ್ತ ಅಪ್ಪ ಮಗನ ಮುಖ ನೋಡುವುದೂ ತಪ್ಪೇ ಗುರುಗಳೇ?" ಎಂದ ಶಿಷ್ಯ.

"ಆ ಮುಖ ನೋಡಲು ದಡದಲ್ಲಿ ಇಡೀ ಊರೇ ನಿಂತಿತ್ತು, ಮಗು; ಹುಡುಗನ ಬೆನ್ನ ಹಿಂದೆ ನೋಡಲು ಅವನೊಬ್ಬನೇ ಇದ್ದ."